ಬೇಲಿಯಾಚೆ ಮುನ್ನೂರು ಅಡಿ

ಗಾಜಿನೊಳಗೆ ಅವಳು ತಲೆಕೆಳಗಾಗಿ ನಡೆದುಬಂದಳು.

ನೆಲದ ಏರುತಗ್ಗು ಅಳೆಯುವ ಲೆವೆಲ್ ಯಂತ್ರದ ದುರ್ಬೀನಿಗೆ ಒಂದು ಕಣ್ಣಿಟ್ಟು, ಇನ್ನೊಂದು ಮುಚ್ಚಿ, ಚಿತ್ತಯ್ಯ ದೂರದ ಹೊಲದಲ್ಲಿ ಜೊತೆಯ ಆಳು ಎತ್ತಪ್ಪ ಹಿಡಿದು ನಿಂತಿದ್ದ ಅಳತೆಕೋಲಿನ ಅಂಕಿ ಓದುತ್ತಿದ್ದ. ಆ ಹಳೇ ಯಂತ್ರದ ಗುಣವೇ ಹಾಗೆ. ಅದರೊಳಗೆ ನೆಲ ಮೇಲೆ, ಆಕಾಶ ಕೆಳಗೆ. ಮೂರು ವರ್ಷದಿಂದ ನೋಡಿ ನೋಡಿ ಅವನಿಗೆ ಅದೇ ಸರಿ ಅನ್ನಿಸಿಬಿಟ್ಟಿತ್ತು. ಈಗ ಕೋಲಿಗೂ ಕಣ್ಣಿಗೂ ನಡುವೆ ಒಂದು ಹಸಿರು ಸೀರೆ ಬಂದು ನಿಂತಿತು. ತಲೆಯ ಕೆಳಗೆ ಒಂದು ಹಿತ್ತಾಳೆ ಕೊಡ. ಕೊಡದಿಂದ ಒಂದು ಹನಿ ಜಾರಿ, ಮೇಲಕ್ಕೆ ಬಿತ್ತು.

“ಸರಿಯಮ್ಮಾ ಅತ್ಲಾಗೆ!” ಅಂತ ಕೂಗಿ ಕೈ ಬೀಸಿದ.

ಅವಳು ಸರಿಯಲಿಲ್ಲ. ಕೊಡವನ್ನು ಸೊಂಟಕ್ಕೆ ಇಳಿಸಿಕೊಂಡು ನೇರ ಅವನ ಕಡೆಗೇ ಬಂದಳು. ಗಾಜಿನಲ್ಲಿ ಮುಖ ದೊಡ್ಡದಾಗುತ್ತಾ ಆಗುತ್ತಾ ಮಸುಕಾಗಿ ಹೋಯಿತು. ತಲೆ ಎತ್ತಿದರೆ ಎದುರಿಗೇ ಇದ್ದಾಳೆ. ಈ ಸಲ ನೆಟ್ಟಗೆ. ಹುಬ್ಬು ಮಾತ್ರ ಗಂಟಾಗಿತ್ತು.

“ಏನಯ್ಯ, ಅವಾಗಿಂದ ನೋಡ್ತಾನೇ ಇದೀನಿ. ಒಂದು ಕಣ್ಣು ಮುಚ್ಕಂಡು ಹಟ್ಟಿ ಹೆಣ್ಮಕ್ಳನ್ನ ನೋಡಾಕೆ ಗೌರ್ಮೆಂಟು ಸಂಬಳ ಕೊಡ್ತೈತಾ?”

“ನಿನ್ನ ಯಾರು ನೋಡಿದ್ರು? ನಾನು ಕೋಲು ನೋಡ್ತಿದ್ದೆ.”

“ಕೊಳವೆ ನನ್ನ ಕಡೆಗೇ ಇತ್ತಲ್ಲ?”

“ಕೋಲಿಗೆ ಅಡ್ಡ ಬಂದೋಳು ನೀನು! ನಂಬಿಕೆ ಇಲ್ಲಾಂದ್ರೆ ನೀನೇ ನೋಡು. ಮುಟ್ಟಬ್ಯಾಡ, ಬರೀ ನೋಡು.”

ಅವಳು ಕೊಡ ಇಳಿಸಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿದಳು. ಅಲ್ಲಿ ಎತ್ತಪ್ಪ ಬಾವಲಿಯ ಹಾಗೆ ತೂಗಿಬಿದ್ದಿದ್ದ. “ಅಯ್ಯಯ್ಯೋ!” ಅಂತ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಸೆರಗು ಎಳೆದುಕೊಂಡು ತಿರುಗಿದಳು.

“ನನ್ನನ್ನೂ ಹಿಂಗೇ ನೋಡಿದ್ಯಾ?”

“ಹೂಂ.”

“ಸೀರೆ?”

“ಸೀರೆ ಎಲ್ಲಿರಬೇಕೋ ಅಲ್ಲೇ ಇತ್ತು. ತಲೆಕೆಳಗಾಗಿದ್ದು ಗಾಜಿಗೆ. ಸೀರೆಗೇನು ಗೊತ್ತು?”

ತಡೆದುಕೊಳ್ಳಲಾಗದೆ ಅವಳು ಮತ್ತೆ ನಕ್ಕಳು. ಕೊಡ ಎತ್ತಿ ಹೋಗುವಾಗ ಒಂದು ಸಲ ತಿರುಗಿ ನೋಡಿದಳು, ಈ ಮನುಷ್ಯ ನಿಜ ಹೇಳಿದನೋ ಸುಳ್ಳು ಹೇಳಿದನೋ ಎಂದು ತೂಗುವ ಹಾಗೆ. ಚಿತ್ತಯ್ಯ ಮತ್ತೆ ಕಣ್ಣಿಟ್ಟು ಅಂಕಿ ಓದಿ ಕೂಗಿ ಹೇಳಿದ. ಬೇವಿನ ನೆರಳಿನಲ್ಲಿ ಟ್ರಾನ್ಸಿಸ್ಟರ್ ಕೇಳುತ್ತಾ ಕುಂತಿದ್ದ ಓವರ್‌ಸಿಯರ್ ಮೂರ್ತಪ್ಪ ಅದನ್ನು ಬುಕ್ಕಿನಲ್ಲಿ ಬರೆದುಕೊಂಡ.

ಎಪ್ಪತ್ನಾಲ್ಕರ ಬೇಸಿಗೆ. ಹರಿಯಬ್ಬೆ ಕಡೆಯ ಆ ಗೊಲ್ಲರ ಹಟ್ಟಿಗೆ ಸರ್ವೆ ಪಾರ್ಟಿ ಬಂದದ್ದು ಒಂದೇ ಒಂದು ಮಾತು ತಿಳಿಯುವುದಕ್ಕೆ. ಹೊಸದಾಗಿ ಕಟ್ಟಿದ ಕೆರೆಯ ತೂಬಿನಿಂದ ಒಂದು ಕಾಲುವೆ ತೆಗೆದರೆ ನೀರು ಹಟ್ಟಿಯ ಹೊಲದ ತನಕ ತಾನಾಗಿ ಹರಿದು ಬರುತ್ತದೋ ಇಲ್ಲವೋ. ಹೊಲ ತೂಬಿಗಿಂತ ತಗ್ಗಿದ್ದರೆ ಬರುತ್ತದೆ. ಎತ್ತರವಿದ್ದರೆ ಇಲ್ಲ. ಅಷ್ಟೇ.

ಚಿತ್ತಯ್ಯ ಪಾರ್ಟಿಯ ಯಂತ್ರ ಹೊರುವ ದಿನಗೂಲಿ ಖಲಾಸಿ. ಅವನೂ ಹೊಸದುರ್ಗದ ಕಡೆಯ ಒಂದು ಹಟ್ಟಿಯವನೇ. ಏಳನೇ ಕ್ಲಾಸಿನಲ್ಲಿ ಮೇಷ್ಟ್ರು “ಕುರಿ ಕಾಯೋನಿಗೆ ಭಿನ್ನರಾಶಿ ಯಾಕೋ?” ಅಂದಾಗ ಸ್ಲೇಟು ಎಸೆದು ಎದ್ದುಬಂದವನು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. ಸಿಟ್ಟು ಮೂಗಿನ ತುದಿಯಲ್ಲೇ. ಆದರೆ ಈರಬಸಪ್ಪ ಅನ್ನುವ ಮುದಿ ಸರ್ವೇಯರ್ ಅವನ ಕೈಗೆ ಲೆವೆಲ್ ಯಂತ್ರ ಕೊಟ್ಟು ಕಲಿಸಿದ ಮೇಲೆ, ಬೇಡವೆಂದು ಬಿಟ್ಟುಬಂದ ಭಿನ್ನರಾಶಿಯೆಲ್ಲ ತಾನಾಗಿ ತಲೆಗೆ ಹತ್ತಿತ್ತು. ಮೂರ್ತಪ್ಪನಿಗೆ ಅದು ಗೊತ್ತು. ಅದಕ್ಕೇ ನೋಡುವ ಕೆಲಸ ಇವನಿಗೆ ಬಿಟ್ಟು ತಾನು ನೆರಳು ಹಿಡಿಯುತ್ತಿದ್ದ.

ಆ ದಿನ ಬೆಳಿಗ್ಗೆ ಹಟ್ಟಿಯ ಮುಳ್ಳುಬೇಲಿಯ ಬಾಗಿಲಲ್ಲಿ ಯಜಮಾನ ಜುಂಜಯ್ಯ ಅವರನ್ನು ತಡೆದಿದ್ದ. “ಬರ್ರಿ ಸ್ವಾಮಿ. ಚಪ್ಪಲಿ ಮಾತ್ರ ಹೊರಗೆ ಬಿಡ್ರಿ. ಒಳಗೆ ದೇವ್ರು ಅವ್ನೆ.” ಮೂರ್ತಪ್ಪ ಗೊಣಗಿಕೊಂಡು ಬೂಟು ಬಿಚ್ಚಿದ. ಆಮೇಲೆ ಮುದುಕನ ಕಣ್ಣು ಯಂತ್ರದ ಮೂರುಕಾಲಿನ ಸ್ಟ್ಯಾಂಡಿನ ಮೇಲೆ ಬಿತ್ತು. ಒಂದೊಂದು ಕಾಲಿನ ತುದಿಗೂ ಚೂಪಾದ ಕಬ್ಬಿಣ. “ಇದೂ ಮೆಟ್ಟು ಹಾಕ್ಕಂಡೇ ಬಂದೈತಲ್ಲಪ್ಪ?”

ಮೂರ್ತಪ್ಪ ಬಾಯಿ ತೆರೆಯುವ ಮೊದಲೇ ಚಿತ್ತಯ್ಯ, “ಬ್ಯಾಡ ಬಿಡು ಅಯ್ಯ, ಬೇಲಿ ಹೊರಗೇ ನಿಲ್ಲಿಸ್ತೀನಿ” ಅಂದಿದ್ದ. ಹಟ್ಟಿಯಲ್ಲಿ ಹುಟ್ಟಿದವನಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಬಾಗಿಲ ಹೊರಗೇ ಯಂತ್ರ ಊರಿದ. ಹಿಂದಿನ ಅಳತೆಯ ಕಲ್ಲು ನಲವತ್ತು ಅಡಿ ಇತ್ತ. ಹಟ್ಟಿಯ ನಡುದಾರಿ ದಾಟಿ ಹಿತ್ತಲ ಹೊಲದ ಕೋಲು ಮುನ್ನೂರ ನಲವತ್ತು ಅಡಿ ಅತ್ತ. ಅದು ಸರಿಯಲ್ಲ ಅಂತ ಅವನಿಗೆ ಹೊಳೆಯಬೇಕಿತ್ತು. ಹೊಳೆಯುವ ಹೊತ್ತಿಗೆ ಸರಿಯಾಗಿ ಹಸಿರು ಸೀರೆ ಅಡ್ಡ ಬಂತು.

ಅವಳ ಹೆಸರು ಮುದ್ದಕ್ಕ. ಜುಂಜಯ್ಯನ ಒಬ್ಬಳೇ ಮಗಳು. ಮುಂದಿನ ಐದು ದಿನ ಪಾರ್ಟಿ ಎಲ್ಲಿ ಕೋಲು ನೆಟ್ಟರೂ ಅವಳ ಕುರಿಮರಿಗಳಿಗೆ ಅಲ್ಲೇ ಮೇವು ಸಿಗುತ್ತಿತ್ತು.

“ಅದ್ಯಾಕೆ ಅವಾಗಿಂದ ತಿರುಪು ತಿರುವ್ತಾ ಇದೀಯ?”

“ಈ ಗುಳ್ಳೆ ನೋಡು. ಕೊಳವೆ ಒಳಗೆ ಐತಲ್ಲ, ಇದು ನಡುಮಧ್ಯ ನಿಂತ್ರೆ ಯಂತ್ರ ಮಟ್ಟಕ್ಕೆ ಬಂತು ಅಂತ.”

“ತುಂಟ ಮರಿ ಇದ್ದಂಗೈತೆ. ದೊಡ್ಡಿಗೆ ತಳ್ಳಿದ್ರೆ ಆ ಕಡೆಯಿಂದ ಹಾರ್ತೈತೆ.”

“ತಳ್ಳಬಾರದು. ಎರಡು ತಿರುಪು ಹಿಡೀಬೇಕು, ಹಿಂಗೆ. ಎರಡು ಹೆಬ್ಬೆರಳೂ ಒಳಮುಖ, ಇಲ್ಲಾ ಎರಡೂ ಹೊರಮುಖ. ಎಡಗೈ ಹೆಬ್ಬೆರಳು ಯಾವ ಕಡೆ ಹೋಗ್ತೈತೋ ಗುಳ್ಳೆ ಆ ಕಡೆ ಬರ್ತೈತೆ.”

ಅವಳು ಹಿಡಿದಳು. ಗುಳ್ಳೆ ಓಡಿತು, ತಡೆಯಿತು, ಮೆಲ್ಲಗೆ ವಾಪಸ್ಸು ಬಂದು ನಡುವೆ ನಿಂತಿತು. ಅವಳು ಉಸಿರು ಕಟ್ಟಿಕೊಂಡು ಅದನ್ನು ನೋಡುತ್ತಿದ್ದಳು. ಚಿತ್ತಯ್ಯ ಗುಳ್ಳೆಯನ್ನು ನೋಡುತ್ತಿರಲಿಲ್ಲ.

“ನಿಂತ್ಕಂತು!” ಅಂತ ತಲೆ ಎತ್ತಿದವಳು ಅವನ ಕಣ್ಣಿಗೆ ಸಿಕ್ಕಿಬಿದ್ದಳು. “ಇತ್ಲಾಗೇನೈತೆ? ಗುಳ್ಳೆ ಅಲ್ಲೈತೆ,” ಅಂದು ಕೆನ್ನೆಯ ಬಿಸಿ ಮುಚ್ಚಿಕೊಳ್ಳಲು ಸುಮ್ಮನಿದ್ದ ಒಂದು ಮರಿಯನ್ನು ಅಟ್ಟಿಕೊಂಡು ಹೋದಳು.

ಶುಕ್ರವಾರ ಸಂಜೆ ಮೂರ್ತಪ್ಪ ಲೆಕ್ಕ ಕೂಡಿ, ಹಟ್ಟಿಯವರನ್ನೆಲ್ಲ ಬೇವಿನ ಕೆಳಗೆ ಕರೆಸಿ ಹೇಳಿದ. “ನಿಮ್ಮ ಹೊಲ ತೂಬಿಗಿಂತ ಕಾಲು ಅಡಿ ಎತ್ತರ ಐತೆ. ನೀರು ಹತ್ತಲ್ಲ. ಕಾಲುವೆ ಆಚೆ ಕಡೆಯಿಂದ ಹೋಗ್ತೈತೆ. ಸೋಮವಾರ ರಿಪೋರ್ಟು ಹಿರಿಯೂರಿಗೆ.”

ಮುದ್ದಕ್ಕನ ತಾಯಿ ಕಾಟಮ್ಮ ಎದ್ದು ಸೀರೆ ಕೊಡವಿಕೊಂಡು ಗಂಡನ ಕಡೆ ತಿರುಗಿದಳು. “ಇನ್ನೂ ಎಷ್ಟು ದಿನ ಮೂರು ಮೈಲಿಯಿಂದ ನೀರು ಹೊರಾಣ? ನಿನ್ನ ತಂಗಿ ಕರೆದಾಗ್ಲೇ ಹೋಗಬೇಕಿತ್ತು.”

ಜುಂಜಯ್ಯ ಕೆರೆಯ ದಿಕ್ಕು ನೋಡಿದ. “ಆಗ್ಲಿ. ಅಮಾಸೆ ಕಳೀಲಿ. ರಾಮಗಿರಿ ಕಡೆ ಹೋಗಾಣ. ಕುರಿ, ಗುಡ್ಲು, ಎಲ್ಲ.”

ಅಮಾವಾಸ್ಯೆಗೆ ಇನ್ನು ಒಂಬತ್ತೇ ದಿನ. ಚಿತ್ತಯ್ಯ ಅಳತೆಕೋಲಿನ ಕಡೆ ನೋಡಿದ. ತಾನೇ ಓದಿದ ಅಂಕಿ, ತಾನೇ ಕೂಗಿದ ಅಂಕಿ. ತನ್ನ ಬಾಯಿಂದಲೇ ಮುದ್ದಕ್ಕನನ್ನು ಊರು ಬಿಡಿಸಿದ ಹಾಗಾಗಿತ್ತು.

ಶನಿವಾರ ಬೆಳಿಗ್ಗೆ ಮುದ್ದಕ್ಕ ಮರಿಗಳಿಲ್ಲದೆ ಒಬ್ಬಳೇ ಬಂದಳು.

“ಒಂದು ಮಾತು ಕೇಳ್ತೀನಿ. ಮಳೆ ಬಂದಾಗ ಕೆರೆ ಹತ್ರದ ಹಳೇ ದೊಡ್ಡಿಯ ಕುರಿಹಿಕ್ಕೆಯೆಲ್ಲ ತೇಲ್ಕಂಡು ನಮ್ಮ ಹೊಲಕ್ಕೇ ಬರ್ತೈತೆ. ಪ್ರತಿ ವರ್ಷ ನಾನೇ ಬಾಚ್ತೀನಿ. ಎತ್ತರಕ್ಕೆ ಹೆಂಗೆ ತೇಲ್ಕಂಡು ಬರ್ತೈತೆ?”

“ಹಿಕ್ಕೆ ನೋಡಿ ಕಾಲುವೆ ತೆಗೆಯಾಕಾಗ್ತೈತಾ? ಯಂತ್ರ ಐತೆ ಅದಕ್ಕೆ.”

“ಯಂತ್ರ ತಪ್ಪು ಹೇಳಿದ್ರೆ?”

“ಯಂತ್ರ ಸುಳ್ಳು ಹೇಳಲ್ಲ! ನಾನೂ ಹೇಳಲ್ಲ!” ಮೇಷ್ಟ್ರ ಮುಂದೆ ಎದ್ದಿದ್ದ ಸಿಟ್ಟೇ ಅದು. “ಏಳನೇ ಕ್ಲಾಸು ಅಂತ ನೀನೂ ಆಡ್ಕೋ!”

“ನಿನ್ನ ಕ್ಲಾಸು ಯಾರು ಕೇಳಿದ್ರು? ನಾನು ಶಾಲೆ ಬಾಗಿಲೇ ನೋಡಿಲ್ಲ.” ಅವಳ ದನಿ ಏರಲಿಲ್ಲ. ಅದೇ ಅವನಿಗೆ ಹೆಚ್ಚು ನಾಟಿತು. “ಆಗ್ಲಪ್ಪ. ನಾವು ಹೋದ ಮೇಲೆ ಬಂದು ನಿಧಾನಕ್ಕೆ ಅಳ್ಕೋ. ಅಡ್ಡ ಬರೋರು ಯಾರೂ ಇರಲ್ಲ.”

ಅವಳು ಹೋದ ದಾರಿಯನ್ನೇ ನೋಡುತ್ತಾ ಅವನು ಹೊತ್ತು ಇಳಿಯುವ ತನಕ ಕುಂತ. ಸುಮ್ಮನಿರಲಾಗದೆ ಯಂತ್ರ ತೆಗೆದು ಒರೆಸತೊಡಗಿದ. ತಳದಲ್ಲಿ ಒಂದು ನೆಗ್ಗು ಬೆರಳಿಗೆ ತಗುಲಿತು. ಬರುವಾಗ ಹಿರಿಯೂರು ಬಸ್‌ಸ್ಟ್ಯಾಂಡಿನಲ್ಲಿ ಪೆಟ್ಟಿಗೆ ಬಸ್ಸಿನ ಮೇಲಿಂದ ಬಿದ್ದಿತ್ತು. “ಗಾಜು ಒಡೆದಿಲ್ಲ, ನಡಿಯೋ” ಅಂದಿದ್ದ ಮೂರ್ತಪ್ಪ.

ಈರಬಸಪ್ಪ ನೂರು ಸಲ ಹೇಳಿದ್ದ ಮಾತು ಆಗ ನೆನಪಿಗೆ ಬಂತು. ಯಾವ ಯಂತ್ರವನ್ನೂ ಪೂರ್ತಿ ನಂಬಬೇಡ. ಎರಡು ಕೋಲಿನ ನಡುಮಧ್ಯ ಇಡು. ಅದು ಈ ಕಡೆ ಎಷ್ಟು ಸುಳ್ಳು ಹೇಳಿದರೂ ಆ ಕಡೆಯೂ ಅಷ್ಟೇ ಹೇಳುತ್ತದೆ. ಕಳೆದಾಗ ಎರಡು ಸುಳ್ಳೂ ಹೊಡೆದುಹೋಗಿ ನಿಜ ಉಳಿಯುತ್ತದೆ.

ಎಲ್ಲ ಕಡೆಯೂ ನಡುಮಧ್ಯವೇ ಇಟ್ಟಿದ್ದ. ಹಟ್ಟಿಯ ಬಾಗಿಲಲ್ಲಿ ಮಾತ್ರ ಇಟ್ಟಿರಲಿಲ್ಲ. ಅಲ್ಲಿ ನಡು ಅನ್ನುವುದು ಬೇಲಿಯ ಒಳಗಿತ್ತು. “ಥೂ, ನಿನ್ನ!” ಅಂತ ತನ್ನ ಹಣೆಗೆ ತಾನೇ ಬಡಿದುಕೊಂಡ.

ಭಾನುವಾರ ಮೂರ್ತಪ್ಪ ಹಿರಿಯೂರಿನಲ್ಲಿದ್ದ. ಓವರ್‌ಸಿಯರ್ ಇಲ್ಲದಾಗ ಯಂತ್ರ ಮುಟ್ಟಿದ ಖಲಾಸಿಗೆ ಮಾರನೇ ದಿನ ಕೆಲಸ ಇರುವುದಿಲ್ಲ. ಚಿತ್ತಯ್ಯ ಸ್ಟ್ಯಾಂಡನ್ನು ಹೆಗಲಿಗೇರಿಸಿ, ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು, ಬಿಸಿಲೇರುವ ಮೊದಲೇ ಬೇಲಿಯ ಹೊರಗೆ ಬಂದು ನಿಂತ.

“ಮುದ್ದಕ್ಕಾ!”

ಅವಳು ಕೈ ಕಟ್ಟಿಕೊಂಡು ಬಂದಳು. “ಏನು ಸಾಹೇಬ್ರು? ಇವತ್ತು ಯಾರನ್ನ ತಲೆಕೆಳಗು ಮಾಡ್ತೀರಿ?”

“ನನ್ನನ್ನೇ. ಕೋಲು ಹಿಡೀತೀಯಾ?”

ಅವಳು ಅವನ ಮುಖ ನೋಡಿದಳು. ಮತ್ತೇನೂ ಕೇಳದೆ ಕೋಲು ಇಸಿದುಕೊಂಡಳು.

ಬಯಲಲ್ಲಿ ಮುನ್ನೂರು ಅಡಿ ಅಂತರಕ್ಕೆ ಎರಡು ಗೂಟ ಹೊಡೆದ. ಮೊದಲು ನಡುಮಧ್ಯ ಯಂತ್ರ ಇಟ್ಟ. “ಕೋಲು ನೆಟ್ಟಗಿರಬೇಕು. ನಿಂಗೆ ನೆಟ್ಟಗೆ ಕಂಡ್ರೂ ವಾಲಿರ್ತೈತೆ. ಅದಕ್ಕೇ ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ತೂಗು. ಅತೀ ಕಮ್ಮಿ ಯಾವ ಅಂಕಿ ಬರ್ತೈತೋ ಅದೇ ನಿಜ.”

“ಹೆಂಗೆ ತೂಗಾದು?”

“ತೊಟ್ಟಿಲು ತೂಗಿದಂಗೆ.”

“ಬಲು ಅನುಭವ ಇದ್ದಂಗೈತೆ. ಎಷ್ಟು ಮಕ್ಳು?”

“ಮದ್ವೇನೇ ಆಗಿಲ್ಲ ಮಾರಾಯ್ತಿ!”

“ಅದನ್ನ ಕೇಳಾಕೇ ಕೇಳಿದ್ದು,” ಅಂದು ಅವಳು ದೂರದ ಗೂಟಕ್ಕೆ ಓಡಿದಳು. ಚಿತ್ತಯ್ಯನಿಗೆ ಗುಳ್ಳೆಯನ್ನು ಮತ್ತೆ ಮೊದಲಿಂದ ನಿಲ್ಲಿಸಬೇಕಾಯಿತು.

ಮೊದಲ ಗೂಟದ ಮೇಲೆ ನಾಲ್ಕು ಅಡಿ. ಎರಡನೆಯದರ ಮೇಲೆ ನಾಲ್ಕೂವರೆ. ಅಂಕಿ ದೊಡ್ಡದಾದಷ್ಟೂ ನೆಲ ತಗ್ಗು. ಅಂದರೆ ಎರಡನೇ ಗೂಟ ಅರ್ಧ ಅಡಿ ತಗ್ಗು. ಇದು ನಡುವಿಟ್ಟು ನೋಡಿದ ನಿಜ. ಈಗ ಯಂತ್ರವನ್ನು ಮೊದಲ ಗೂಟದ ಪಕ್ಕಕ್ಕೇ ತಂದ. ಹತ್ತಿರದ ಕೋಲು ಐದು ಅಡಿ ತೋರಿಸಿತು. ದೂರದ್ದು ಐದೂವರೆ ತೋರಿಸಬೇಕು. ಕಣ್ಣಿಟ್ಟ. ಒರೆಸಿಕೊಂಡು ಮತ್ತೆ ಇಟ್ಟ.

ನಾಲ್ಕೂವರೆ.

“ಮುದ್ದಕ್ಕಾ! ಒಂದು ಅಡಿ! ಮುನ್ನೂರು ಅಡಿಗೆ ಒಂದು ಅಡಿ ಸುಳ್ಳು!”

ಅವಳು ಕೋಲು ಹೊತ್ತು ಓಡಿಬಂದಳು. “ಯಾಕೆ? ಏನಾಗೈತೆ ಅದಕ್ಕೆ?”

“ಬಿದ್ದಾಗಿಂದ ನೆಟ್ಟಗೆ ನೋಡ್ತಿಲ್ಲ. ನೋಟ ಕೆಳಕ್ಕೆ ಜಾರ್ತೈತೆ. ದೂರ ಹೋದಷ್ಟೂ ಕೆಳಕ್ಕೆ. ಕೋಲಿನ ಕೆಳಗಿನ ಅಂಕಿ ಕಾಣ್ತೈತೆ, ನೆಲ ಎತ್ತರ ಐತೆ ಅನ್ಸ್ತೈತೆ.”

“ಪಾಪ, ಹೊಸ ಮದುವಣಗಿತ್ತಿ ಹಂಗೆ ತಲೆ ತಗ್ಗಿಸ್ಕಂಡೈತೆ,” ಅಂದವಳು, ಯಾಕೋ ತಾನೂ ತಲೆ ತಗ್ಗಿಸಿದಳು.

“ಏನೇ ಅದು, ಇಬ್ರೂ ಬಯಲಾಗೆ?” ಹಿಂದಿನಿಂದ ಜುಂಜಯ್ಯನ ದನಿ. ಮುದ್ದಕ್ಕ ಕೋಲನ್ನು ನೆಟ್ಟಗೆ ಮಾಡಿ ಒಂದು ಹೆಜ್ಜೆ ಹಿಂದೆ ಸರಿದಳು.

ಚಿತ್ತಯ್ಯ ಮುಂದೆ ಬಂದು ನಿಂತ. “ಅಯ್ಯ, ಅಳತೆ ತಪ್ಪಾಗೈತೆ. ಸಾಹೇಬ್ರು ಮಾಡಿದ್ದಲ್ಲ, ನಾನು ಮಾಡಿದ್ದು. ಯಂತ್ರ ನಡುವೆ ಇಡಬೇಕಿತ್ತು. ಬಾಗಿಲ ಹತ್ರ ಇಟ್ಟೆ.”

ಮುದುಕನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಮುಖ ಸಣ್ಣದಾಯಿತು. “ಒಳಗೆ ಬ್ಯಾಡ ಅಂದಿದ್ದು ನಾನಲ್ಲೇನಪ್ಪ. ಬಾ, ದೇವ್ರಿಗೆ ಒಂದು ಕಾಯಿ ಒಡೆದು ಕೇಳ್ಕಂತೀನಿ. ಒಳಗೇ ಇಟ್ಟು ನೋಡು.”

“ಬ್ಯಾಡ ಅಯ್ಯ. ನೇಮ ತಪ್ಪಲ್ಲ. ನನ್ನ ಸೋಮಾರಿತನ ತಪ್ಪು. ಬೇಲಿ ಸುತ್ತ ನಾಲ್ಕು ಕಡೆ ಇಟ್ಟು ಬಳಸಿ ಬಂದಿದ್ರೆ ಆಗಿತ್ತು. ಇವತ್ತು ಬಳಸ್ತೀನಿ.”

ಬಳಸಿದರು. ಕಲ್ಲಿನಿಂದ ಕಲ್ಲಿಗೆ ಹೆಜ್ಜೆ ಎಣಿಸಿ, ಪ್ರತಿ ಸಲವೂ ನಡುವೆ ಯಂತ್ರ ಊರಿ. ಕೋಲು ಮೆತ್ತನೆ ಮಣ್ಣಿನಲ್ಲಿ ಹೂತುಕೊಂಡರೂ ಲೆಕ್ಕ ಕೆಡುತ್ತದೆ. ಆದ್ದರಿಂದ ಗಟ್ಟಿ ಕಲ್ಲಿನ ಮೇಲೇ ನಿಲ್ಲಿಸಬೇಕು. ಯಂತ್ರ ಮುಂದಕ್ಕೆ ಹೋಗುವಾಗ ಕೋಲು ಅಲ್ಲೇ ಕಾಯಬೇಕು.

“ನಾನು ಆ ಕಡೆ ಹೋಗಿ ತಿರುಗಿ ನೋಡೋ ತನಕ ಕದಲಬ್ಯಾಡ.”

“ಮರೆತು ಹೋದ್ರೆ?”

“ಯಾರನ್ನ?”

ಅವಳು ಕೋಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಬಿಸಿಲು ನೆತ್ತಿಗೆ ಬಂತು. ಹಣೆಯ ಬೆವರು ಹುಬ್ಬಿನ ತನಕ ಇಳಿಯಿತು. ಒರೆಸಿಕೊಳ್ಳಲು ಕೂಡ ಅವಳು ಕೈ ಎತ್ತಲಿಲ್ಲ.

ಹೊಲ ಮುಟ್ಟಿ, ಮತ್ತೆ ಅದೇ ದಾರಿಯಲ್ಲಿ ಹೊರಟ ಕಲ್ಲಿಗೇ ವಾಪಸ್ಸು ಬಂದು ಕೂಡಿ ಕಳೆದ. ಹೋದ ಲೆಕ್ಕ, ಬಂದ ಲೆಕ್ಕ, ಎರಡೂ ಒಂದೇ. ಹೊಲ ತೂಬಿಗಿಂತ ಮುಕ್ಕಾಲಡಿ ತಗ್ಗು.

ಕಾಟಮ್ಮ ಬೇಲಿಯ ಬಾಗಿಲಲ್ಲೇ ಕುಸಿದು ಕುಂತು ಸೆರಗು ಮುಖಕ್ಕೆ ಒತ್ತಿಕೊಂಡಳು.

ಸೋಮವಾರ ಬೆಳಗಿನ ಬಸ್ಸಿಗೆ ಮೂರ್ತಪ್ಪ ಬಂದ. ಕೇಳಿ ಕೆಂಡವಾದ.

“ನನ್ನ ಬಿಟ್ಟು ಯಂತ್ರ ಮುಟ್ಟಿದ್ಯಾ? ಲೇ, ಏಳನೇ ಕ್ಲಾಸು ಪಾಸಾಗದೋನು ನೀನು, ನನ್ನ ಲೆಕ್ಕ ತಿದ್ದೋಕೆ ಬರ್ತೀಯಾ? ಬುಕ್ಕಿಗೆ ಸಹಿ ಆಗೈತೆ, ಮುಗೀತು. ಪೆಟ್ಟಿಗೆ ಕಟ್ಟು!”

ಚಿತ್ತಯ್ಯನ ಕಿವಿ ಬಿಸಿಯಾಯಿತು. ಅಂಗೈ ಮುಷ್ಟಿಯಾಯಿತು. ಎಸೆದು ಹೋಗುವುದು ಸುಲಭ. ಅದು ಅವನಿಗೆ ಚೆನ್ನಾಗಿ ಬರುತ್ತಿತ್ತು. ಬೇಲಿಯ ಹತ್ತಿರ ಮುದ್ದಕ್ಕ ನಿಂತಿದ್ದಳು. ಅವನನ್ನೇ ನೋಡುತ್ತಿದ್ದಳು. ಈಗ ಎದ್ದು ಹೋದರೆ ಒಂಬತ್ತಲ್ಲ, ಆರೇ ದಿನಕ್ಕೆ ಅವಳ ಗುಡಿಸಲಿದ್ದ ಜಾಗ ಬಯಲು.

ಮುಷ್ಟಿ ಬಿಚ್ಚಿದ.

“ಸಾರ್, ಬೈರಿ. ಕೆಲಸದಿಂದ ತೆಗೀರಿ. ತಪ್ಪು ಮಾಡಿದ್ದು ನಾನು, ಯಾರ ಮುಂದೆ ಬೇಕಾದ್ರೂ ಹೇಳ್ತೀನಿ. ಆದ್ರೆ ನಾಳೆ ಕಾಲುವೆ ತೆಗೆದ ಮೇಲೆ ಮಳೆ ಬಂದು ನೀರು ಈ ಕಡೆಗೇ ನುಗ್ಗಿದ್ರೆ, ಕೇಳೋದು ಖಲಾಸೀನ ಅಲ್ಲ, ಸಹಿ ಹಾಕಿದೋರನ್ನ. ಎರಡು ಗೂಟ ಅಲ್ಲೇ ಅವೆ. ಒಂದು ಸಲ ನೀವೇ ಕಣ್ಣಿಟ್ಟು ನೋಡ್ರಿ. ಆಮೇಲೆ ನೀವು ಹೇಳಿದಂಗೆ.”

ಮೂರ್ತಪ್ಪ ಅವನನ್ನೇ ನೋಡಿದ. ಈ ಹುಡುಗ ಕಿರುಚದೆ ಮಾತಾಡಿದ್ದು ಅವನು ಕೇಳಿದ್ದು ಇದೇ ಮೊದಲು. ಗೊಣಗಿಕೊಂಡು ಯಂತ್ರದ ಹತ್ತಿರ ನಡೆದ. ಮುದ್ದಕ್ಕ ಯಾರೂ ಹೇಳದೆಯೇ ಕೋಲು ಎತ್ತಿಕೊಂಡಳು.

ನಡುವಿಟ್ಟು ನೋಡಿದ. ಪಕ್ಕಕ್ಕಿಟ್ಟು ನೋಡಿದ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಆಮೇಲೆ ಬೂಟು ಧೂಳಾಗುವುದನ್ನೂ ಲೆಕ್ಕಿಸದೆ ಬೇಲಿಯ ಸುತ್ತ ತಾನೇ ಬಳಸಿದ. ಮಧ್ಯಾಹ್ನದ ಹೊತ್ತಿಗೆ ಬುಕ್ಕು ಬಿಚ್ಚಿ ಹಳೇ ಅಂಕಿಯ ಮೇಲೆ ಗೆರೆ ಎಳೆದು, ಹೊಸದು ಬರೆದು, ಪಕ್ಕದಲ್ಲಿ ಸಹಿ ಹಾಕಿದ.

“ಜುಂಜಯ್ಯ, ಕಾಲುವೆ ನಿಮ್ಮ ಹೊಲದ ಮೇಲೇ ಬರ್ತೈತಪ್ಪ.” ಚಿತ್ತಯ್ಯನ ಕಡೆ ತಿರುಗಿದ. “ನಿನ್ನ ತೆಗೆದುಹಾಕ್ಬೇಕು ನಾನು. ಯಂತ್ರ ರಿಪೇರಿಗೆ ದುರ್ಗಕ್ಕೆ ನಾನೇ ತಗಂಡು ಹೋಗ್ತೀನಿ. ಬರೋದು ಎಂಟು ದಿನ. ಅಷ್ಟ್ರಾಗೆ ಕಾಲುವೆ ಗೆರೆಗೆ ಗೂಟ ಕಡಿದಿಡು. ಮುನ್ನೂರು ಬೇಕು. ಒಂದು ಕಮ್ಮಿಯಾದ್ರೆ ಮಾತ್ರ ನಿಜವಾಗ್ಲೂ ತೆಗೀತೀನಿ.”

ಹಟ್ಟಿಯಲ್ಲಿ ಗದ್ದಲವೋ ಗದ್ದಲ. ಎತ್ತಪ್ಪನ ಕೈಗೆ ಯಾರೋ ಮಜ್ಜಿಗೆಯ ಚೊಂಬು ತುರುಕಿದರು. ಆ ಗದ್ದಲದ ನಡುವೆ ಜುಂಜಯ್ಯ ಬಂದು ಚಿತ್ತಯ್ಯನ ಪಕ್ಕ ಕುಕ್ಕರುಗಾಲಲ್ಲಿ ಕುಂತ. ಕಡ್ಡಿಯಿಂದ ನೆಲ ಕೆರೆಯುತ್ತಾ ಮೆಲ್ಲಗೆ ಕೇಳಿದ.

“ನಿಮ್ಮ ಬೆಡಗು ಯಾವುದಪ್ಪ?”

ಹಟ್ಟಿಯ ಹಿರಿಯ ಮದುವೆಯಾಗದ ಹುಡುಗನ ಬೆಡಗು ಕೇಳಿದರೆ ಅದಕ್ಕೆ ಒಂದೇ ಅರ್ಥ. ಬೆಡಗು, ಅಂದರೆ ಕುಲದ ಬಳ್ಳಿ, ಒಂದೇ ಆದರೆ ಅಣ್ಣ ತಂಗಿ, ಮಾತು ಅಲ್ಲಿಗೇ ಮುಗಿಯಿತು. ಬೇರೆಯಾದರೆ ಮುಂದುವರಿಯಬಹುದು. ಬೇಲಿಯ ಹತ್ತಿರ ಕೋಲು ಒರೆಸುತ್ತಿದ್ದ ಮುದ್ದಕ್ಕನ ಕೈ ನಿಂತಿತು.

ಚಿತ್ತಯ್ಯ ಹೇಳಿದ. ಮುದುಕ ಕಡ್ಡಿ ಎಸೆದು ಎದ್ದ. ಮೀಸೆಯ ಮೂಲೆಯಲ್ಲಿ ನಗು ಇತ್ತು. “ನಮ್ಮದು ಅದಲ್ಲ. ಮುಂದಿನ ಸೋಮವಾರ ನಿಮ್ಮಪ್ಪನ್ನ ಕರ್ಕಂಡು ಬಾ. ಕಾಲುವೆ ವಿಚಾರ ಮಾತಾಡಾದೈತೆ.”

ಅವನು ಅತ್ತ ಹೋದ ಮೇಲೆ ಮುದ್ದಕ್ಕ ಇತ್ತ ಬಂದಳು. ಇಬ್ಬರ ನಡುವೆ ಕೋಲು ಊರಿ ನಿಂತಳು.

“ನೀರು ಹತ್ತಲ್ಲ ಅಂತಲೇ ಆಗಿದ್ರೆ ನಾವು ರಾಮಗಿರಿ ಕಡೆ ಹೋಗಿರ್ತಿದ್ವಿ. ನೀನೇನು ಮಾಡ್ತಿದ್ದೆ?”

“ನಾನೂ ಬರ್ತಿದ್ದೆ.”

“ಅಲ್ಲಿ ಯಾವ ಕಾಲುವೆ ಐತೆ, ಅಳೆಯಾಕೆ?”

“ಅಳೆಯಾಕೆ ಬರ್ತಿದ್ದೆ ಅಂದ್ನಾ?”

ಅವಳು ಕೋಲಿನ ಅಂಕಿಗಳ ಮೇಲೆ ಉಗುರು ಆಡಿಸಿದಳು, ಕೆಳಗಿಂದ ಮೇಲಕ್ಕೆ, ಮೇಲಿಂದ ಕೆಳಕ್ಕೆ. ಆಮೇಲೆ ಅವನ ಬೆರಳಿಗೆ ತನ್ನ ಬೆರಳು ತಾಗುವ ಹಾಗೆ ಕೋಲನ್ನು ಅವನ ಕೈಗೆ ದಾಟಿಸಿದಳು.

“ಸೋಮವಾರ ಅಂದ್ರೆ ಸೋಮವಾರ. ಒಂದು ದಿನ ತಡ ಮಾಡಿದ್ರೂ, ನಾನೇ ಹೊಸದುರ್ಗದ ಬಸ್ ಹತ್ತಿ ನಿಮ್ಮಪ್ಪನ್ನ ಕರ್ಕಂಡು ಬರ್ತೀನಿ.”